ಲೇಖಕರಿಗೆ ಒಂದು ಪ್ರಶ್ನೆ

ಯೋಗೀಶ ಬರೆದದ್ದು ಯಾರು ಓದಿದರೂ ಅರ್ಥವಾಗುತ್ತಿತ್ತು. ಅದೇ ಅದರ ಐಬು ಎಂದರು ದಕ್ಷಿಣಾಮೂರ್ತಿ.

ಬಂದವರೇ ಹಾಗೆಂದು ಹೇಳಿಬಿಡಲಿಲ್ಲ. ಭಾನುವಾರ ಮಧ್ಯಾಹ್ನ, ಸೊಸೈಟಿಯ ಲಿಫ್ಟು ಕೆಟ್ಟಿದ್ದರಿಂದ ದ್ವಾರಕಾದ ಆ ಮೂರನೇ ಮಹಡಿಯ ಮನೆಗೆ ಏದುಸಿರು ಬಿಡುತ್ತಾ ಹತ್ತಿ ಬಂದು, ನೀರು ಕುಡಿದು, ಗೋಡೆಯ ಮೇಲಿದ್ದ ಯೋಗೀಶನ ಫೋಟೋಗೆ ಕೈಮುಗಿದು, ಅವನ ತಾಯಿ ಪದ್ಮಮ್ಮ ತಂದುಕೊಟ್ಟ ಕಾಫಿಯನ್ನು ಅರ್ಧ ಮುಗಿಸಿದ ಮೇಲೆ ಚೀಲದಿಂದ ಹಾಳೆಗಳ ಕಂತೆಯೊಂದನ್ನು ತೆಗೆದರು. ಯೋಗೀಶ ಕೆಲಸ ಮಾಡುತ್ತಿದ್ದ ಸಂಶೋಧನಾ ಸಂಸ್ಥೆಯಲ್ಲಿ ಅವರು ವಿಭಾಗದ ಮುಖ್ಯಸ್ಥರು. ಮೈಸೂರಿನವರು. ದೆಹಲಿಗೆ ಬಂದು ತಲೆಗೂದಲೆಲ್ಲ ಬೆಳ್ಳಗಾಗಿತ್ತು, ಮಾತು ಮಾತ್ರ ಇನ್ನೂ ಅಗ್ರಹಾರದ ಬೀದಿಯಲ್ಲೇ ಇತ್ತು.

"ಪೇಪರು ವಾಪಸ್ ಬಂದಿದೆ ಅಮ್ಮ," ಎಂದರು.

ಯೋಗೀಶನ ಹೆಂಡತಿ ಅಹಲ್ಯಾ ಕೈಚಾಚಿ ತೆಗೆದುಕೊಂಡಳು. ಮೇಲಿದ್ದ ಪತ್ರ 'ಪ್ರಿಯ ಡಾಕ್ಟರ್ ಯೋಗೀಶ' ಎಂದು ಶುರುವಾಗಿತ್ತು. ಡೆಂಗಿ ಜ್ವರ ಬಂದು ಅವನು ಹೋದದ್ದು ಅಕ್ಟೋಬರಿನಲ್ಲಿ. ಇದು ಫೆಬ್ರವರಿ. ವಿಲಾಯತಿಯ ಆ ಪತ್ರಿಕೆಗೆ ಅದು ಗೊತ್ತಿರುವುದಾದರೂ ಹೇಗೆ? ವಿಷಯ ಮುಖ್ಯವಾದದ್ದೇ, ಆದರೆ ಬರವಣಿಗೆ ದಿನಪತ್ರಿಕೆಯ ವರದಿಯಂತಿದೆ, ನಮ್ಮ ಪತ್ರಿಕೆಯ ಘನತೆಗೆ ತಕ್ಕ ಆಳ ಇದರಲ್ಲಿ ಕಾಣುವುದಿಲ್ಲ ಎಂದು ಬರೆದಿದ್ದರು.

"ಲೆಕ್ಕದಲ್ಲಿ ತಪ್ಪಿದೆಯಾ ಸರ್?"

"ಒಂದೂ ಇಲ್ಲ. ಅವನ ಲೆಕ್ಕದಲ್ಲಿ ತಪ್ಪು ಹುಡುಕೋನು ಇನ್ನೂ ಹುಟ್ಟಬೇಕು. ತೊಂದರೆ ಏನು ಗೊತ್ತಾ? ಓದಿದ್ರೆ ಅರ್ಥ ಆಗುತ್ತೆ. ಅರ್ಥ ಆದ ತಕ್ಷಣ, ಓ ಇಷ್ಟೇನಾ, ಇದು ನಮಗೂ ಗೊತ್ತಿತ್ತಲ್ಲ ಅಂತಾರೆ. ಅರ್ಥ ಆಗಲಿಲ್ಲ ಅನ್ನು, ಇವನ್ಯಾರೋ ದೊಡ್ಡ ವಿದ್ವಾಂಸ ಇರಬೇಕು ಅಂತ ಕಣ್ಣು ಮುಚ್ಕೊಂಡು ಸೈ ಹಾಕ್ತಾರೆ."

"ಅಷ್ಟು ಓದಿದೋರಿಗೂ ಅರ್ಥ ಆಗಲ್ವಾ?"

"ಆಗಲಿಲ್ಲ ಅಂತ ಹೇಳೋಕೆ ನಾಚಿಕೆ ಅಮ್ಮ. ನನಗೂ ಎಷ್ಟೋ ಸಲ ಆಗಿಲ್ಲ. ಹೇಳಿದೀನಾ?" ದಕ್ಷಿಣಾಮೂರ್ತಿ ನಕ್ಕರು. ಫೋಟೋದ ಕಡೆ ನೋಡಿ ನಗು ನಿಲ್ಲಿಸಿದರು. "ನೀನು ನೋಯ್ಡಾದಲ್ಲಿ ಮಾಡೋದು ಇದೇ ಕೆಲಸ ಅಲ್ವಾ? ಒಂಚೂರು ಇದಕ್ಕೆ ತೂಕ ಬರೋ ಹಾಗೆ ಮಾಡಿಕೊಡು. ಮತ್ತೆ ಕಳಿಸೋಣ."

"ನಾನು ಮಾಡೋದು ಇದರ ಉಲ್ಟಾ ಸರ್. ಗಂಟು ಬಿಚ್ಚೋದು."

"ಬಿಚ್ಚೋಕೆ ಬರೋರಿಗೆ ಹಾಕೋಕೆ ಬರಲ್ವಾ?"

ಬಾಗಿಲ ಹತ್ತಿರ ನಿಂತಿದ್ದ ಪದ್ಮಮ್ಮ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಕೇಳಿದರು: "ಮೊದಲನೇ ಹೆಸರು ಅವನದೇನಾ?"

"ಅವನದೇ ತಾಯಿ. ನನ್ನದು ಕೊನೇದು."

"ಮಾಡಿಕೊಡು ಅಹಲ್ಯಾ," ಎಂದರು ಅತ್ತೆ. "ಫಾರಿನ್ ಪೇಪರ್‌ನಲ್ಲಿ ಒಂದು ಸಲ ಅವನ ಹೆಸರು ಬರಲಿ."

ಮಾಡುತ್ತೇನೆ ಎಂದು ಅಹಲ್ಯಾ ಹೇಳಲಿಲ್ಲ, ಆಗುವುದಿಲ್ಲ ಎಂದೂ ಹೇಳಲಿಲ್ಲ. ಆ ದಿನಗಳಲ್ಲಿ ಅವಳು ಯಾವುದಕ್ಕೂ ಏನೂ ಹೇಳುತ್ತಿರಲಿಲ್ಲ. ಸುಮ್ಮನಿದ್ದದ್ದನ್ನೇ ಜನ ಒಪ್ಪಿಗೆ ಎಂದುಕೊಂಡು ಎದ್ದು ಹೋಗುತ್ತಿದ್ದರು.

*

ಮನೆಯಲ್ಲಿ ಇಬ್ಬರೇ. ಮಾವ ಸರ್ಕಾರಿ ನೌಕರಿಯಲ್ಲಿದ್ದು ದ್ವಾರಕಾದಲ್ಲಿ ಈ ಮನೆ ಮಾಡಿಟ್ಟು, ಮಗನ ಮದುವೆಗೂ ಮೊದಲೇ ತೀರಿಕೊಂಡಿದ್ದರು. ಅತ್ತೆ ಸೊಸೆ ಇಬ್ಬರೂ ಗಂಡಸಿಲ್ಲದ ಮನೆಯಲ್ಲಿ ಎದ್ದು ಕೂತು ಮಲಗುತ್ತಿದ್ದರು. ಜಗಳವಿರಲಿಲ್ಲ. ಜಗಳಕ್ಕೂ ಒಂದಿಷ್ಟು ಉಸಿರು ಬೇಕು.

ಬೆಳಿಗ್ಗೆ ಅಹಲ್ಯಾ ಮೆಟ್ರೋ ಹಿಡಿದು, ಅದು ಆಗಿನ್ನೂ ಇಂದ್ರಪ್ರಸ್ಥದಲ್ಲೇ ಮುಗಿದುಹೋಗುತ್ತಿದ್ದರಿಂದ ಅಲ್ಲಿಂದ ಆಫೀಸಿನ ಕ್ಯಾಬಿನಲ್ಲಿ ಯಮುನೆ ದಾಟಿ ನೋಯ್ಡಾಕ್ಕೆ ಹೋಗುತ್ತಿದ್ದಳು. ಮೆಟ್ರೋದಲ್ಲಿ ಕಿವಿಗೆ ಹಳದಿ ಇಯರ್‌ಪ್ಲಗ್ ತುರುಕಿಕೊಳ್ಳುತ್ತಿದ್ದಳು. ಅವು ಯೋಗೀಶನವು. ಫರೀದಾಬಾದಿನ ಶೆಡ್ಡುಗಳಲ್ಲಿ ಕೆಲಸದವರಿಗೆ ಹಂಚಲು ತಂದಿದ್ದರಲ್ಲಿ ಒಂದು ಡಬ್ಬಿ ಮನೆಯಲ್ಲೇ ಉಳಿದಿತ್ತು. ಬೆರಳಲ್ಲಿ ಹಿಸುಕಿ ಕಿವಿಗಿಟ್ಟರೆ ಸ್ಪಂಜು ನಿಧಾನವಾಗಿ ಉಬ್ಬಿ ಹೊರಗಿನದೆಲ್ಲ ದೂರವಾಗುತ್ತಿತ್ತು. ಆಮೇಲೆ ಕೇಳುವುದು ತನ್ನ ಉಸಿರು, ತಾನು ಉಗುಳು ನುಂಗಿದ ಸದ್ದು. ಅಷ್ಟೇ ಸಾಕಾಗಿತ್ತು ಅವಳಿಗೆ.

ಆಫೀಸಿನ ಕೆಲಸ ಸರಳವಾದದ್ದು. ಪರದೇಶದ ಪ್ರಕಾಶಕರು ತಮ್ಮ ವಿಜ್ಞಾನ ಪತ್ರಿಕೆಗಳ ಲೇಖನಗಳನ್ನು ತಿದ್ದಲು ಅಲ್ಲಿಗೆ ಕಳಿಸುತ್ತಿದ್ದರು. ಒಂದೊಂದು ವಾಕ್ಯ ರೈಲಿನಷ್ಟು ಉದ್ದ. ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು ತಿಳಿಯದು. ಅವಳು ಅದನ್ನು ಕಡಿದು, ಮುಂದಿನದನ್ನು ಮುಂದೆ ಇಟ್ಟು, ಓದುವ ಹಾಗೆ ಮಾಡುತ್ತಿದ್ದಳು. ಏನು ಮಾಡಿದರೂ ಅರ್ಥ ಹೊಳೆಯದಿದ್ದರೆ ಅಂಚಿನಲ್ಲಿ ಒಂದು ಪ್ರಶ್ನೆ ಬರೆಯುವುದು: 'ಲೇಖಕರಿಗೆ ಪ್ರಶ್ನೆ: ದಯವಿಟ್ಟು ಸ್ಪಷ್ಟಪಡಿಸಿ.' ಅಚ್ಚಿಗೆ ಮುಂಚಿನ ಪ್ರೂಫಿನ ಜೊತೆ ಆ ಪ್ರಶ್ನೆ ಎಲ್ಲೋ ಇರುವ ಲೇಖಕನಿಗೆ ಹೋಗುತ್ತಿತ್ತು. ಕೇಳಿದವರು ಯಾರೆಂದು ಅವನಿಗೆ ತಿಳಿಯುತ್ತಿರಲಿಲ್ಲ. ಲೇಖನದ ಮೊದಲ ಪುಟವನ್ನು ಬೇರೆ ವಿಭಾಗ ನೋಡಿಕೊಳ್ಳುತ್ತಿದ್ದರಿಂದ ಬರೆದವರು ಯಾರೆಂದು ಅವಳಿಗೂ ತಿಳಿಯುತ್ತಿರಲಿಲ್ಲ. ಅವಳಿಗೆ ಸಿಗುವುದು ಒಂದು ನಂಬರು, ಒಂದು ತುಂಡು. ಅರ್ಜೆಂಟ್ ಫೈಲುಗಳನ್ನು ಭಾಗ ಮಾಡಿ ಮೂರು ನಾಲ್ಕು ಜನಕ್ಕೆ ಹಂಚುವುದು ಅಲ್ಲಿನ ರೂಢಿ.

ಈ ಕೆಲಸ ಯೋಗೀಶನಿಗೆ ತಮಾಷೆಯಾಗಿತ್ತು. ಕಂಪ್ಯೂಟರಿನಲ್ಲಿ ಸ್ಪೆಲಿಂಗ್ ತಪಾಸಣೆ ಮುಗಿದ ಮೇಲೆ ಒಂದು ಪುಟ್ಟ ಪೆಟ್ಟಿಗೆ ಬಂದು, ಬರೆದದ್ದು ಓದಲು ಎಷ್ಟು ಸುಲಭ ಎಂದು ನೂರಕ್ಕೆ ಇಷ್ಟು ಅಂಕ ಕೊಡುತ್ತದೆ. ಅವಳೇ ಅದನ್ನು ಅವನಿಗೆ ತೋರಿಸಿಕೊಟ್ಟದ್ದು. ಅವತ್ತಿನಿಂದ ಅವನಿಗೆ ಅದೇ ಹುಚ್ಚು. ಮದುವೆಗೆ ಮುಂಚೆ ಅವಳು ಕಳಿಸಿದ್ದ ಇಂಗ್ಲಿಷ್ ಇಮೇಲ್‌ಗಳನ್ನೆಲ್ಲ ಅದರೊಳಗೆ ಹಾಕಿ, "ಎಂಬತ್ತೆರಡು ಬಂದಿದೆ ಕಣೇ, ಫಸ್ಟ್ ಕ್ಲಾಸು," ಎಂದಿದ್ದ. ಒಂದು ದಿನ ದಕ್ಷಿಣಾಮೂರ್ತಿಗಳ ಲೇಖನ ಹಾಕಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ಸೊನ್ನೆ! ಕೆಳಗೆ ಇನ್ನೂ ಇಳೀತಿದ್ರೇನೋ, ಕಂಪ್ಯೂಟರ್ ಬಿಡ್ತಿಲ್ಲ. ಸರ್ ಅಂದ್ರೆ ಸರ್!"

ಅವನದಕ್ಕೆ ಅರವತ್ತೈದರ ಮೇಲೆಯೇ ಬರುತ್ತಿತ್ತು. ಫರೀದಾಬಾದಿನ ಸಣ್ಣ ಶೆಡ್ಡುಗಳಲ್ಲಿ ತಗಡು ಒತ್ತುವ ಪವರ್ ಪ್ರೆಸ್ಸುಗಳ ಮುಂದೆ ಕೂತವರ ಕಿವಿ ಎಷ್ಟು ಬೇಗ ಮಂದವಾಗುತ್ತದೆ ಎಂದು ಅವನು ಅಳೆಯುತ್ತಿದ್ದ. ಭಾನುವಾರವೂ ಬೈಕು ಹತ್ತಿ ಹೋಗುತ್ತಿದ್ದ. ಬಂದು ಊಟಕ್ಕೆ ಕೂತರೆ ಅದೇ ಮಾತು. ಇವಳು ಅರ್ಧ ಕೇಳುತ್ತಿದ್ದಳು, ಅರ್ಧ ಸೀರಿಯಲ್ ನೋಡುತ್ತಿದ್ದಳು. ಈಗ ಯೋಚಿಸಿದರೆ ಕೇಳಿದ ಅರ್ಧ ಯಾವುದು ಎಂದೂ ನೆನಪಿಗೆ ಬಾರದು.

ಮಾರ್ಚ್ ತಿಂಗಳಿಡೀ ಅವಳು ಅವನ ಲೇಖನದ ಮೇಲೆ ಗಂಟು ಹಾಕುತ್ತಾ ಕೂತಳು. ಕೈಗೆ ಬರುವುದೇ ಇಲ್ಲವೇನೋ ಎಂದುಕೊಂಡಿದ್ದಳು. ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಹೇಸಿಗೆಯಾಯಿತು. ಫರೀದಾಬಾದ್ ಎಂಬುದನ್ನು ತೆಗೆದಳು. ಅದು 'ಉತ್ತರ ಭಾರತದ ಅನೌಪಚಾರಿಕ ಉತ್ಪಾದನಾ ಘಟಕಗಳು' ಆಯಿತು. ಕೆಲಸದವರು 'ಅಧ್ಯಯನ ಸಮೂಹ' ಆದರು. ಶೆಡ್ಡು ಹೋಯಿತು, ಪ್ರೆಸ್ಸು ಹೋಯಿತು, ಪಾಳಿ ಮುಗಿದ ಮೇಲೆ ಟೀ ಅಂಗಡಿಯಲ್ಲಿ ಎಲ್ಲರೂ ಕೂಗಿಕೊಂಡೇ ಮಾತಾಡುತ್ತಾರೆ ಎಂದು ಅವನು ಬರೆದಿದ್ದ ಸಾಲೂ ಹೋಯಿತು.

ಲೇಖನದ ಕೊನೆಗೆ ಅವನು ಎರಡು ವಾಕ್ಯ ಬರೆದಿದ್ದ. ಕನ್ನಡದಲ್ಲಿ ಹೇಳಿದರೆ ಹೀಗೆ: 'ಕಿವಿಗೆ ಬಿರಡೆ ಹಾಕಿಕೊಂಡರೆ, ಯಂತ್ರ ಕೈಕೊಡುವ ಮುನ್ನ ಮಾಡುವ ಸದ್ದು ಇವರಿಗೆ ಕೇಳಿಸುವುದಿಲ್ಲ. ಬೆರಳು ಉಳಿಸಿಕೊಳ್ಳಲು ಇವರು ಕಿವಿ ಬಿಟ್ಟುಕೊಡುತ್ತಾರೆ.'

ಇದರ ಮುಂದೆ ಅವಳು ಎರಡು ಸಂಜೆ ಕೂತಳು. ಆಮೇಲೆ ಇದನ್ನೂ ಬದಲಾಯಿಸಿದಳು. 'ಶ್ರವಣಸಂರಕ್ಷಣಾ ಸಾಧನಗಳ ಬಳಕೆಯಲ್ಲಿ ಕಂಡುಬರುವ ಅನನುಸರಣೆಯು ಕಾರ್ಯಸಂಬಂಧಿ ಶ್ರಾವ್ಯಸಂಕೇತಗಳ ಮೇಲಣ ವರ್ತನಾತ್ಮಕ ಅವಲಂಬನೆಯೊಂದಿಗೆ ಗಣನೀಯ ಸಹಸಂಬಂಧವನ್ನು ಪ್ರದರ್ಶಿಸುತ್ತದೆ.' ಸ್ಪೆಲಿಂಗ್ ತಪಾಸಣೆ ಮಾಡಿದಳು. ಪೆಟ್ಟಿಗೆ ಬಂತು. ಸೊನ್ನೆ.

ಪಕ್ಕದಲ್ಲಿ ನಗುವವರು ಯಾರೂ ಇರಲಿಲ್ಲ.

*

ಕಳಿಸುವ ಮೊದಲು ಪದ್ಮಮ್ಮ ಕೇಳಿದರು. "ಏನು ಬರೆದಿದಾನೆ ನನ್ನ ಮಗ? ನನಗೂ ಒಂಚೂರು ಓದಿ ಹೇಳು."

ಅಹಲ್ಯಾ ಅವನ ಮೂಲ ಬರಹವನ್ನು ತಂದು, ಕನ್ನಡ ಮಾಡಿಕೊಂಡು ಓದತೊಡಗಿದಳು. ಪದ್ಮಮ್ಮ ಹುರುಳಿಕಾಯಿ ನಾರು ತೆಗೆಯುತ್ತಾ ಎರಡು ಪ್ಯಾರಾ ಕೇಳಿ ಕೈ ನಿಲ್ಲಿಸಿದರು.

"ಇದೇನೇ ಇದು, ಕಾರ್ಖಾನೇಲಿ ಸದ್ದು ಜಾಸ್ತಿ, ಕಿವಿ ಹೋಗುತ್ತೆ. ಇದನ್ನ ಕಂಡುಹಿಡಿಯೋಕೆ ಅಷ್ಟು ವರ್ಷ ಓದಿದ್ನಾ?"

"ಎಷ್ಟು ಸದ್ದಿಗೆ ಎಷ್ಟು ಬೇಗ ಅಂತ ಅಳೆದಿದಾರೆ ಅತ್ತೆ."

"ಅಲ್ಲ, ಸರ್ ಹೇಳಿದ್ರಲ್ಲ, ನೀನು ಬರೀತಿರೋದು ಬೇರೆ ಅಲ್ವಾ? ಅದನ್ನ ಓದು."

ಅವಳು ಅದನ್ನು ಓದಿದಳು. ಕನ್ನಡ ಮಾಡಲು ಆಗದೆಡೆಯಲ್ಲಿ ಇಂಗ್ಲಿಷಿನಲ್ಲೇ ಓದಿದಳು. ಪದ್ಮಮ್ಮ ಹುರುಳಿಕಾಯಿ ತಟ್ಟೆ ಪಕ್ಕಕ್ಕಿಟ್ಟು ಕಣ್ಣು ಮುಚ್ಚಿದರು. ಒಂದು ಪುಟ ಮುಗಿಯುವಷ್ಟರಲ್ಲಿ ಅವರ ಮುಖ, ತಿಂಗಳುಗಳಿಂದ ಬಿಗಿದುಕೊಂಡೇ ಇದ್ದದ್ದು, ಸಡಿಲವಾಗಿತ್ತು.

"ಒಂದಕ್ಷರ ತಿಳಿಯಲಿಲ್ಲ," ಎಂದರು. "ಮಂತ್ರ ಕೇಳಿದ ಹಾಗಾಯ್ತು. ಎಷ್ಟು ದೊಡ್ಡ ತಲೆ ಇತ್ತು ನೋಡು ನಮ್ಮ ಮಗೂಗೆ."

ಅಹಲ್ಯಾ ಎದ್ದಳು. ಹಾಳೆಗಳನ್ನು ಜೋಡಿಸಿ ಲಕೋಟೆಗೆ ಹಾಕಿದಳು.

ಲೇಖನ ಒಪ್ಪಿಗೆಯಾಯಿತು. ಬೇರೆ ಪತ್ರಿಕೆಯಲ್ಲ, ಬೇಡವೆಂದಿದ್ದ ಅದೇ ಪತ್ರಿಕೆ. ಒಬ್ಬ ವಿಮರ್ಶಕ 'ಪ್ರೌಢವಾದ ಕೃತಿ' ಎಂದಿದ್ದ. ದಕ್ಷಿಣಾಮೂರ್ತಿ ಫೋನಿನಲ್ಲಿ ಕೂಗಿದ್ದು ಅಡಿಗೆಮನೆಗೂ ಕೇಳಿಸಿತು. ಪದ್ಮಮ್ಮ ದೇವರ ಮುಂದೆ ತುಪ್ಪದ ದೀಪ ಹಚ್ಚಿದರು. ಕೆಳಗಿನ ಪಾರ್ಕಿನಲ್ಲಿ ಸಂಜೆ ಕೂರುವ ಹೆಂಗಸರಿಗೆಲ್ಲ ಸುದ್ದಿ ಹೇಳಿ ಬಂದರು. ಯೋಗೀಶ ಹೋದ ಮೇಲೆ ಅವರು ತಾವಾಗಿ ಕೆಳಗಿಳಿದದ್ದು ಅದೇ ಮೊದಲು.

*

ಬೇಸಗೆ ಕಳೆಯಿತು. ಜುಲೈಯ ಒಂದು ಬೆಳಿಗ್ಗೆ ರಾಹುಲ್ ಅವಳ ಮೇಜಿನ ಹತ್ತಿರ ಬಂದ. ಅವನು ಟೀಮಿನ ಮುಖ್ಯಸ್ಥ. ಅಪ್ಪ ಅಮ್ಮ ಹಾಸನದವರು, ಇವನು ಹುಟ್ಟಿ ಬೆಳೆದದ್ದು ಇಲ್ಲೇ. ಅಹಲ್ಯಾಳ ಜೊತೆ ಕನ್ನಡ ಆಡಲೇಬೇಕೆಂಬ ಹಟ, ಅರ್ಧದಲ್ಲಿ ಹಿಂದಿಗೆ ಜಾರುತ್ತಿದ್ದ.

"ಅಹಲ್ಯಾಜಿ, ಒಂದು ಚಿಕ್ಕ ತುಂಡು ಇದೆ. ನಾಲ್ಕು ಪೇಜು. ಅರ್ಜೆಂಟ್ ಹೈ. ಯಾರೋ ಪ್ರೊಫೆಸರ್, ಪೂರಾ ಜಂಗಲ್ ಮಾಡಿದಾನೆ. ನೀವೇ ಸಾಫ್ ಮಾಡಬೇಕು."

"ಕೊಡಿ."

ಅವಳು ಮಾಡಿದಳು. ಅವತ್ತು ಮೈಯಲ್ಲಿ ಸಣ್ಣಗೆ ಜ್ವರವಿತ್ತು. ಎಸಿಯ ಕೆಳಗೆ ಶಾಲು ಹೊದ್ದು, ಕಿವಿಗೆ ಹಳದಿ ಸ್ಪಂಜು ಇಟ್ಟುಕೊಂಡು, ಯಾರದೋ ಮನೆಯ ಪಾತ್ರೆ ತೊಳೆಯುವವಳ ಹಾಗೆ ಒಂದೊಂದೇ ವಾಕ್ಯ ತೊಳೆದಿಟ್ಟಳು. ಯಾವ ಊರಿನ ಮಾತೋ, ಯಾವ ಜನರ ಮಾತೋ, ಅದರಲ್ಲಿ ಇರಲಿಲ್ಲ. ಒಂದು ಸಮೂಹ, ಕೆಲವು ಘಟಕಗಳು, ಕೆಲವು ಸಾಧನಗಳು. ಕೊನೆಯ ಪುಟದ ಒಂದು ವಾಕ್ಯದಲ್ಲಿ ಸಿಕ್ಕಿಕೊಂಡಳು. ಎರಡು ಸಲ ಓದಿದಳು. ಯಾರೋ ಏನನ್ನೋ ಪಾಲಿಸುತ್ತಿಲ್ಲ ಎಂದಷ್ಟೇ ತಿಳಿಯಿತು. ಅಂಚಿನಲ್ಲಿ ಬರೆದಳು: 'ಲೇಖಕರಿಗೆ ಪ್ರಶ್ನೆ: ಈ ವಾಕ್ಯದ ಅರ್ಥ ಸ್ಪಷ್ಟವಿಲ್ಲ. ಕಾರ್ಮಿಕರದೇ ಅಸಡ್ಡೆ ಎಂದು ಹೇಳುತ್ತಿದ್ದೀರಾ?' ಫೈಲು ಮುಚ್ಚಿ ಕಳಿಸಿದಳು. ಮಧ್ಯಾಹ್ನದ ಹೊತ್ತಿಗೆ ಮರೆತಿದ್ದಳು.

ಮುಂದಿನ ಭಾನುವಾರ ದಕ್ಷಿಣಾಮೂರ್ತಿ ಫೋನ್ ಮಾಡಿದರು. ಅಹಲ್ಯಾ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ಕೆಳಗೆ ನೀರಿನ ಟ್ಯಾಂಕರ್ ಬಂದು ನಿಂತು, "ಭಯ್ಯಾ, ಪೈಪ್ ಇಧರ್!" ಎಂದು ಯಾರೋ ಕೂಗುತ್ತಿದ್ದರು.

"ಪ್ರೂಫು ಬಂತಮ್ಮ. ಚೆನ್ನಾಗಿದೆ. ಆದರೆ ಯಾರೋ ಒಬ್ಬ ಎಡಿಟರು, ಅಧಿಕಪ್ರಸಂಗಿ, ಏನೇನೋ ಕೇಳಿದಾನೆ. ನೀನು ಸ್ವಲ್ಪ ಉತ್ತರ ಹೇಳಿಬಿಡು, ಬರೆದು ಕಳಿಸ್ತೀನಿ."

"ಏನು ಕೇಳಿದಾರೆ ಸರ್?"

ಅವರು ಕನ್ನಡಕ ಹುಡುಕಿ, ಇಂಗ್ಲಿಷಿನಲ್ಲಿ ಓದಿದರು. ವಾಕ್ಯದ ಅರ್ಥ ಸ್ಪಷ್ಟವಿಲ್ಲ. ಕಾರ್ಮಿಕರದೇ ಅಸಡ್ಡೆ ಎಂದು ಹೇಳುತ್ತಿದ್ದೀರಾ?

ಅಹಲ್ಯಾಳ ಕೈಯಲ್ಲಿ ಒದ್ದೆ ದಿಂಬಿನ ಚೀಲವಿತ್ತು. ಅದರಿಂದ ನೀರು ಅವಳ ಪಾದದ ಮೇಲೆ ತೊಟ್ಟಿಕ್ಕಿತು. ತನ್ನದೇ ಮಾತು. ತಾನು ಕಟ್ಟಿದ ವಾಕ್ಯವನ್ನೇ ತಾನು ಗುರುತು ಹಿಡಿಯದೆ ಪ್ರಶ್ನೆ ಕೇಳಿದ್ದಳು. ಕೇಳಿದ್ದು ಯಾರನ್ನು? ಲೇಖಕರನ್ನು.

"ಕೇಳಿಸ್ತಾ ಇದೆಯಾ ಅಹಲ್ಯಾ?"

"ಆ ಎಡಿಟರ್ ನಾನೇ ಸರ್."

"ಏನಂದೆ?"

"ಹೆಸರಿಲ್ಲದೆ ಬಂತು. ನಮ್ಮ ಆಫೀಸಿಗೇ ಬಂತು. ನನಗೆ ಗೊತ್ತಾಗಲಿಲ್ಲ."

ದಕ್ಷಿಣಾಮೂರ್ತಿ ಜೋರಾಗಿ ನಕ್ಕರು. "ಭೇಷ್! ನೀನೇ ಬರೆದು, ನೀನೇ ಅರ್ಥ ಆಗಲಿಲ್ಲ ಅಂತ ನನ್ನ ಕೇಳಿದೀಯಾ? ಸರಿಹೋಯ್ತು. ಏನಿಲ್ಲ, ಹೌದು ಅಂತ ಬರೆದುಬಿಡ್ತೀನಿ. ಕಾರ್ಮಿಕರದೇ ಅಸಡ್ಡೆ. ಮುಗೀತು."

"ಹೌದು ಅಂತಾನಾ ಸರ್?"

"ಮತ್ತಿನ್ನೇನು? ಇಯರ್‌ಪ್ಲಗ್ ಕೊಟ್ರೂ ಹಾಕ್ಕೊಳಲ್ಲ ಅಂತ ತಾನೇ ಅದರ ಅರ್ಥ? ಮುಂದಿನ ವಾರ ಫರೀದಾಬಾದಿನಲ್ಲಿ ಕಾರ್ಖಾನೆ ಮಾಲೀಕರ ಸಭೆ ಇದೆ, ನನ್ನ ಭಾಷಣ. ಅಲ್ಲೂ ಅದನ್ನೇ ಹೇಳೋದು. ಹಾಕದೇ ಇರೋರಿಗೆ ಕೂಲಿ ಹಿಡೀರಿ, ತಾನಾಗಿ ಹಾಕ್ಕೋತಾರೆ ಅಂತ ಸ್ಲೈಡು ಕೂಡ ಮಾಡಿಸಿದೀನಿ."

"ನಮ್ಮವರು ಬರೆದಿದ್ದು ನೀವು ಓದಿಲ್ವಾ ಸರ್? ಮೊದಲನೇದು?"

"ನೋಡಿದ್ದೆ..." ಎಂದರು ಅವರು. "ಅಂಕಿಅಂಶ ನೋಡಿದ್ದೆ. ಬರಹ ಸುಲಭವಾಗಿತ್ತಲ್ಲ, ಹಾಗೇ ತಿರುವಿಹಾಕಿದ್ದೆ."

ಅಹಲ್ಯಾ ದಿಂಬಿನ ಚೀಲವನ್ನು ತಂತಿಯ ಮೇಲೆ ಹಾಕಿದಳು. ಆ ಎರಡು ವಾಕ್ಯಗಳನ್ನು ನೋಡಿ ಓದಬೇಕಾಗಿರಲಿಲ್ಲ. ಬಾಯಲ್ಲಿದ್ದವು. ಇಂಗ್ಲಿಷಿನಲ್ಲಿ, ಅವನು ಬರೆದಿದ್ದ ಹಾಗೆಯೇ, ಟ್ಯಾಂಕರಿನ ಗಲಾಟೆಯ ಮೇಲೆ ಕೇಳಿಸುವಂತೆ ಸ್ವಲ್ಪ ಕೂಗಿ ಹೇಳಿದಳು. ಆಮೇಲೆ ಕನ್ನಡದಲ್ಲಿ ಬಿಡಿಸಿದಳು. "ಆ ಪ್ರೆಸ್ಸು ತಾನಾಗಿ ಇನ್ನೊಂದು ಸಲ ಬಡಿಯೋಕೆ ಮುಂಚೆ ಅದರ ಸದ್ದು ಒಂಚೂರು ಬದಲಾಗುತ್ತಂತೆ ಸರ್. ಕಿವಿ ಮುಚ್ಕೊಂಡ್ರೆ ಅದು ಕೇಳಲ್ಲ. ಕೈ ತೆಗೆಯೋಷ್ಟರಲ್ಲಿ ಬೆರಳು ಹೋಗಿರುತ್ತೆ. ಅದಕ್ಕೇ ಅವರು ಹಾಕಲ್ಲ. ಮೊದಲು ಮಿಷಿನ್ ರಿಪೇರಿ ಮಾಡಿಸಿ, ಆಮೇಲೆ ಇಯರ್‌ಪ್ಲಗ್ ಕೊಡಿ ಅಂತ ನಮ್ಮವರು ಬರೆದಿದ್ದು. ನಾನು ಅದನ್ನ... ತಲೆಕೆಳಗು ಮಾಡಿಬಿಟ್ಟೆ. ಕೂಲಿ ಹಿಡಿದ್ರೆ ಅವರು ಹಾಕ್ಕೋತಾರೆ ಸರ್. ಹಾಕ್ಕೊಂಡು ಬೆರಳು ಕಳ್ಕೋತಾರೆ."

ಅಷ್ಟು ಮಾತನ್ನು ಅವಳು ಒಂದೇ ಸಲಕ್ಕೆ ಆಡಿ ಎಷ್ಟೋ ತಿಂಗಳಾಗಿತ್ತು.

"ಅಯ್ಯೋ ರಾಮ," ಎಂದರು ದಕ್ಷಿಣಾಮೂರ್ತಿ. "ಆ ಸ್ಲೈಡು ತೆಗೀತೀನಿ."

"ಎಲ್ಲಾನೂ ಅವರು ಬರೆದ ಹಾಗೇ ಮಾಡೋಣ ಸರ್. ನಾನು ಒಂದೇ ದಿನದಲ್ಲಿ ಮಾಡಿಕೊಡ್ತೀನಿ."

"ಆಗಲ್ಲಮ್ಮ. ಪ್ರೂಫಿನಲ್ಲಿ ಅಷ್ಟು ಕೈ ಹಾಕಿದ್ರೆ ಮತ್ತೆ ವಿಮರ್ಶೆಗೆ ಕಳಿಸ್ತಾರೆ. ಮತ್ತೆ ದಿನಪತ್ರಿಕೆ ಅಂತಾರೆ. ಅವನ ಹೆಸರೂ ಬರಲ್ಲ, ಏನೂ ಬರಲ್ಲ. ಒಳಗೆ ನಿಮ್ಮತ್ತೆ ಇದಾರಲ್ಲ, ಅವರಿಗೆ ಏನು ಹೇಳ್ತೀಯ?" ಅವರ ದನಿ ಇಳಿದಿತ್ತು. "ಕೇಳಿರೋ ಪ್ರಶ್ನೆಗೆ ಉತ್ತರ ಕೊಡಬಹುದು. ಅಷ್ಟಕ್ಕೆ ಯಾರೂ ಬೇಡ ಅನ್ನಲ್ಲ. ಆ ಒಂದು ವಾಕ್ಯದ ಜಾಗಕ್ಕೆ ಅವನದು ಹಾಕು ಅಂತ ಬರೀತೀನಿ. ಸಾಕಾ?"

ಸಾಕಾಗಿರಲಿಲ್ಲ. ಒಳಗೆ ಪದ್ಮಮ್ಮ ಪಾರ್ಕಿನ ಯಾರ ಜೊತೆಯೋ ಫೋನಿನಲ್ಲಿ, "ನಮ್ಮ ಯೋಗೀಶನ ಪೇಪರ್ ಇನ್ನೇನು ಬಂದೇಬಿಡುತ್ತೆ," ಎನ್ನುತ್ತಿದ್ದರು.

"ಬರೀರಿ ಸರ್," ಎಂದಳು ಅಹಲ್ಯಾ.

*

ಪ್ರಶ್ನೆ ಕೇಳಿದವರ ಮೇಜಿಗೇ ಉತ್ತರ ಮರಳುವುದು ಆಫೀಸಿನ ಪದ್ಧತಿ. ಈ ಸಲ ಪೂರ್ತಿ ಫೈಲು ಬಂತು, ಮೊದಲ ಪುಟವೂ ಸೇರಿ. ಹೆಸರಿನತ್ತ ನೋಡದೆ ಅವಳು ನೇರವಾಗಿ ಕೊನೆಗೆ ಹೋದಳು. 'ಲೇಖಕರ ಉತ್ತರ: ಇಲ್ಲ. ಈ ಕೆಳಗಿನಂತೆ ಬದಲಿಸಿ' ಎಂದಿತ್ತು. ತನ್ನ ಉದ್ದನೆಯ ವಾಕ್ಯವನ್ನು ಅಳಿಸಿ ಅವನ ಎರಡು ವಾಕ್ಯಗಳನ್ನು ಟೈಪು ಮಾಡಿದಳು. ಉತ್ತರದಿಂದ ನಕಲು ಮಾಡಿ ಅಂಟಿಸಬಹುದಿತ್ತು. ಒಂದೊಂದೇ ಅಕ್ಷರ ಒತ್ತಿದಳು.

ಕಡೆಯ ತಪಾಸಣೆ ರಾಹುಲನದು. ಅವನು ತನ್ನ ಮೇಜಿನಿಂದಲೇ ಕೂಗಿದ.

"ಅರೇ ಅಹಲ್ಯಾಜಿ, ಇದೇನಿದು? ಪೂರಾ ಜಂಗಲ್, ನಡುವೆ ಒಂದು ಗುಲಾಬ್ ಕಾ ಫೂಲ್! ಬೆರಳು, ಕಿವಿ. ಯಾರು ಬರೆದಿದ್ದು?"

"ಲೇಖಕರು."

"ಜರ್ನಲ್ ಸ್ಟೈಲ್ ಅಲ್ಲ ಇದು. ಕನ್ಫರ್ಮ್ ಮಾಡಿಕೊಳ್ಳಿ. ಲೇಖಕರಿಗೆ ಇನ್ನೊಂದು ಸಲ ಪೂಛ್ ಲೋ."

ಅವಳು ಎದ್ದು ಅವನ ಮೇಜಿನ ಹತ್ತಿರ ಹೋಗಿ ನಿಂತಳು. ರಾಹುಲ್ ಮೊದಲ ಪುಟಕ್ಕೆ ಹೋಗಿದ್ದ. ಮೊದಲನೇ ಹೆಸರಿನ ಮೇಲೆ ಅವನ ಬೆರಳು ನಿಂತಿತು. ಅವಳ ಕೊರಳ ಐಡಿ ಕಾರ್ಡನ್ನು ನೋಡಿದ. ಅಹಲ್ಯಾ ಯೋಗೀಶ.

"ಯಾಕೆ ಹೇಳಲಿಲ್ಲ ನೀವು?"

"ಮೊದಲು ಗೊತ್ತಿರಲಿಲ್ಲ. ಆಮೇಲೆ ಹೇಳಿದ್ರೆ ಬೇರೆಯವರಿಗೆ ಕೊಡ್ತಿದ್ರಿ."

ಅವನು ಕೊನೆಯ ಪುಟಕ್ಕೆ ಮರಳಿದ. ವಾಕ್ಯವನ್ನು ಮುಟ್ಟಲಿಲ್ಲ. ಆದರೆ ಇನ್ನೊಂದು ಕೆಲಸ ಬಾಕಿಯಿತ್ತು, ಅದು ಇಬ್ಬರಿಗೂ ಗೊತ್ತಿತ್ತು. ತೀರಿಕೊಂಡ ಲೇಖಕನ ಹೆಸರಿನ ಪಕ್ಕ ಪುಟ್ಟ ಕತ್ತಿಯಂಥ ಗುರುತೊಂದನ್ನು ಹಾಕಿ, ಪುಟದ ಅಡಿಯಲ್ಲಿ 'ದಿವಂಗತ' ಎಂದು ಬರೆಯುವುದು ಪತ್ರಿಕೆಗಳ ಕ್ರಮ. ದಕ್ಷಿಣಾಮೂರ್ತಿ ಅದನ್ನು ತಿಳಿಸಿರಲಿಲ್ಲ. ಮರೆತರೋ, ಬೇಕೆಂದೇ ಬಿಟ್ಟರೋ. ಯಾರು ಯಾರದೋ ಹೆಸರಿಗೆ ಅಹಲ್ಯಾ ಅದನ್ನು ಎಷ್ಟೋ ಸಲ ಹಾಕಿದ್ದಳು. ಹಾಕಿ ಚಹಾ ಕುಡಿಯಲು ಹೋಗಿದ್ದಳು.

"ಕಾಫಿ ಕುಡ್ಕೊಂಡು ಬನ್ನಿ," ಎಂದ ರಾಹುಲ್, ಪರದೆಯಿಂದ ಕಣ್ಣು ತೆಗೆಯದೆ. "ಮೈಂ ಕರ್ ದೂಂಗಾ, ನಾನೇ ಮಾಡ್ತೀನಿ."

ಅವಳು ಮೆಟ್ಟಿಲ ಹತ್ತಿರ ನಿಂತು ಬಂದಳು. ಬರುವಷ್ಟರಲ್ಲಿ ಫೈಲು ಹೋಗಿತ್ತು.

*

ಅಚ್ಚಾದ ಪ್ರತಿ ಬಂದದ್ದು ದೀಪಾವಳಿಯ ಹಿಂದಿನ ವಾರ. ಪದ್ಮಮ್ಮ ಕೈ ತೊಳೆದು, ಒರೆಸಿ, ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡರು. ಇಂಗ್ಲಿಷ್ ಅಕ್ಷರ ಕೂಡಿಸಿ ಮಗನ ಹೆಸರು ಓದಿದರು. ಬೆರಳು ಅದರ ಪಕ್ಕಕ್ಕೆ ಸರಿಯಿತು.

"ಇದೇನು, ಅಲಗಿನ ಹಾಗಿದೆ? ಸರ್ ಹೆಸರಿಗೆ ಇಲ್ವಲ್ಲ."

"ಅದು... ಇಲ್ಲದೇ ಇರೋರಿಗೆ ಹಾಕ್ತಾರೆ ಅತ್ತೆ."

ಪದ್ಮಮ್ಮ ತಲೆಯಾಡಿಸಿದರು. ಆ ಗುರುತನ್ನು ಹೆಬ್ಬೆರಳಿನಿಂದ ಮುಚ್ಚಿ ಇನ್ನೊಂದು ಸಲ ಹೆಸರು ಓದಿಕೊಂಡರು. "ಓದು," ಎಂದರು. "ಅವತ್ತಿನ ಹಾಗೆ. ಮಂತ್ರದ ಹಾಗೆ."

ಅಹಲ್ಯಾ ಓದಿದಳು. ಪದ್ಮಮ್ಮ ಕಣ್ಣು ಮುಚ್ಚಿ ಗೋಡೆಗೆ ಒರಗಿ ಕೂತರು. ಓದುತ್ತಿದ್ದದ್ದೆಲ್ಲ ಅಹಲ್ಯಾಳದೇ ಮಾತು. ಅವನಿಗಾಗಿ ಹುಡುಕಿದರೆ ಒಂದು ಪುಟದಲ್ಲೂ ಅವನಿಲ್ಲ. ಸಮೂಹ, ಘಟಕ, ಸಹಸಂಬಂಧ. ಕೆಳಗೆ ಹುಡುಗರು ಆಗಲೇ ಪಟಾಕಿ ಹಚ್ಚುತ್ತಿದ್ದರು. ಕೊನೆಯ ಪುಟ ಬಂತು. ಆ ಜಾಗದಲ್ಲಿ ಅವಳ ದನಿ ತಾನಾಗಿ ನಿಧಾನವಾಯಿತು. ಅಲ್ಲಿಯವರೆಗೆ ಇಂಗ್ಲಿಷಿನಲ್ಲಿ ಓದುತ್ತಿದ್ದವಳು ಅದನ್ನು ಕನ್ನಡದಲ್ಲಿ ಹೇಳಿದಳು. ಬೆರಳು ಉಳಿಸಿಕೊಳ್ಳಲು ಇವರು ಕಿವಿ ಬಿಟ್ಟುಕೊಡುತ್ತಾರೆ.

ಪದ್ಮಮ್ಮ ಕಣ್ಣು ಬಿಟ್ಟರು.

"ಏನಂದೆ?"

ಅಹಲ್ಯಾ ಇನ್ನೊಂದು ಸಲ ಹೇಳಿದಳು.

"ಅಯ್ಯೋ ಪಾಪ," ಎಂದರು ಪದ್ಮಮ್ಮ. "ಯಾರೇ ಅವರು?"

ಅಹಲ್ಯಾ ಪುಸ್ತಕದಿಂದ ತಲೆಯೆತ್ತಿದಳು. ಉತ್ತರ ಅದರಲ್ಲಿ ಇರಲಿಲ್ಲ. ಅವನು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ. ಇಂಥವನು, ಇಂಥ ಊರಿನವನು, ಎರಡು ಬೆರಳು ಹೋದರೂ ಅದೇ ಪ್ರೆಸ್ಸಿನ ಮುಂದೆ ಕೂತವನು, ತನ್ನ ಮಗಳು ಕರೆದದ್ದು ಕೇಳಿಸದೆ ತಿರುಗಿ ನೋಡದವನು. ಹೆಸರು ಹಿಡಿದು ಹೇಳುತ್ತಿದ್ದ. ಅವಳ ಕಿವಿಯಲ್ಲಿ ಆಗ ಸ್ಪಂಜೂ ಇರಲಿಲ್ಲ.

"ಫರೀದಾಬಾದಿನವರು ಅತ್ತೆ," ಎಂದು ಶುರುಮಾಡಿದಳು. "ಒಬ್ಬ ಇದ್ದ ಅಂತಿದ್ರು..."

ಹೆಸರಿಗಾಗಿ ತಡಕಿದಳು. ಪದ್ಮಮ್ಮ ಕಾಯುತ್ತಾ ಅವಳ ಮುಖವನ್ನೇ ನೋಡುತ್ತಿದ್ದರು.